ಕಣ್ಣಿನ ಲೆನ್ಸ್: ಇರಲಿ ಎಚ್ಚರ

ಶಿವನಿಯ ತರುಣಿಯೊಬ್ಬಳು ಕೆಂಪೇರಿದ ಕಣ್ಣಿನೊಡನೆ ನನ್ನಲ್ಲಿಗೆ ಬಂದಳು. ಹೆಣ್ಣು ನೋಡಲು ಬರುವವರಿಗೆ ಕನ್ನಡಕ ಕಾಣಬಾರದೆಂದು ಕಾಂಟ್ಯಾಕ್ಟ್ ಲೆನ್ಸ್ ಧರಿಸಿ, ಎರಡು ರಾತ್ರಿ ಹಾಗೆಯೇ ಮಲಗಿದ್ದಳು. ನೋವಿಗೆ ಮನೆಯವರು ಜೇನುತುಪ್ಪ ಬಿಟ್ಟಿದ್ದರು. ನಾನು ಯಾವ ಅಂಜನವನ್ನೂ ಹಾಕದೆ ಅಂದೇ ಶಿವಮೊಗ್ಗದ ನೇತ್ರತಜ್ಞರಲ್ಲಿಗೆ ಕಳುಹಿಸಿದೆ. ಕಣ್ಣು ಉಳಿಯಿತು, ಕರಿಗುಡ್ಡೆಯ ಮೇಲೊಂದು ಕಲೆಯೂ ಉಳಿಯಿತು.

ನಿದ್ರೆಯಲ್ಲಿ ಕಾರ್ನಿಯಾಕ್ಕೆ ಆಮ್ಲಜನಕ ಕಡಿಮೆ. ಲೆನ್ಸ್ ಇದ್ದರೆ ಇನ್ನೂ ಕಡಿಮೆ. 1989ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹಗಲಷ್ಟೇ ಧರಿಸುವ ಮೃದು ಲೆನ್ಸ್ ಬಳಸುವವರಲ್ಲಿ ವರ್ಷಕ್ಕೆ 10,000 ಮಂದಿಯಲ್ಲಿ ಸುಮಾರು 4 ಜನರಿಗೆ ಕಾರ್ನಿಯಾ ಹುಣ್ಣು ಕಂಡುಬಂದರೆ, ರಾತ್ರಿಯೂ ಧರಿಸಬಹುದಾದ ಲೆನ್ಸ್‌ನವರಲ್ಲಿ ಅದು ಸುಮಾರು 21. ಆದ್ದರಿಂದ ಮಲಗುವ ಮುನ್ನ ಲೆನ್ಸ್ ತೆಗೆಯಿರಿ. ಕೊಳವೆಬಾವಿಯ ನೀರಿನಲ್ಲಿ ತೊಳೆಯದಿರಿ.

ಶಸ್ತ್ರಚಿಕಿತ್ಸೆಯಲ್ಲಿಯೂ ವಿವೇಕ ಬೇಕು. ಕಾರ್ನಿಯಾವನ್ನು ಗೀರುವ ಹಳೆಯ ವಿಧಾನದ ಹತ್ತು ವರ್ಷಗಳ ಫಲಿತಾಂಶ 1994ರಲ್ಲಿ ಪ್ರಕಟವಾದಾಗ, ಶೇ. 43ರಷ್ಟು ಕಣ್ಣುಗಳು ಒಂದು ಡಯಾಪ್ಟರ್ ಅಥವಾ ಹೆಚ್ಚು ದೂರದೃಷ್ಟಿ ದೋಷದತ್ತ ವಾಲಿದ್ದವು. ಇಂದಿನ ಲೇಸರ್ ವಿಧಾನ ಬಹಳ ಸುಧಾರಿಸಿದೆ. ಆದರೂ 18 ವರ್ಷ ತುಂಬಿ, ಪವರ್ ಸ್ಥಿರವಾಗಿ, ಕಾರ್ನಿಯಾದ ದಪ್ಪ ಹಾಗೂ ಆಕಾರ ಪರೀಕ್ಷಿಸಿದ ಮೇಲಷ್ಟೇ ಅದು ಯೋಗ್ಯ. ನಲವತ್ತರ ನಂತರ ಓದಲು ಕನ್ನಡಕ ಬೇಕಾಗುವುದನ್ನು ಅದು ತಪ್ಪಿಸಲಾರದು.

ಸದ್ಭಕ್ತರೇ, ಕನ್ನಡಕ ಕುಂದಲ್ಲ. ಹೆಣ್ಣುಮಕ್ಕಳು ಅದನ್ನು ಮರೆಮಾಚಬೇಕಾದ ಸ್ಥಿತಿಯನ್ನು ನಾವು ತಾರದಿರೋಣ.