ಮೇಲಿನ ಮನೆ, ಹೊರಗೆ ಮೆಟ್ಟಿಲು: ಮಗುವಿನ ಪ್ರ್ಯಾಮ್ ಎಲ್ಲಿರಬೇಕು?

ಇವತ್ತಿನ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು: ಮಗುವಿನ ಪ್ರ್ಯಾಮ್ ಮತ್ತು ಮನೆ ಹೊರಗಿನ ಮೆಟ್ಟಿಲು. ಆದ್ರೆ ಕೈಗೂಸು ಇಟ್ಟುಕೊಂಡು ಫಸ್ಟ್ ಫ್ಲೋರ್‌ನಲ್ಲಿ ಬಾಡಿಗೆಗೆ ಇರೋರು ಯಾರೂ ನಗಲ್ಲ.

ಬೆಂಗಳೂರಿನ 30-40 ಸೈಟಿನ ಮನೆ ಹೇಗಿರುತ್ತೆ ಅಂತ ಒಮ್ಮೆ ನೆನಪಿಸಿಕೊಳ್ಳಿ. ಕೆಳಗೆ ಓನರ್, ಮೇಲೆ ಬಾಡಿಗೆಯವರು. ಮೇಲಿನ ಮನೆಗೆ ಹೋಗೋ ಮೆಟ್ಟಿಲು ಮನೆಯೊಳಗೆ ಇರಲ್ಲ. ಕಾಂಪೌಂಡು ಮತ್ತು ಗೋಡೆಯ ನಡುವಿನ ಕಿರಿದಾದ ಜಾಗದಲ್ಲಿ, ಮಳೆ ಬಿಸಿಲಿಗೆ ಮೈಯೊಡ್ಡಿಕೊಂಡು ಇರುತ್ತೆ. ಮೈಸೂರು, ದಾವಣಗೆರೆ, ಹುಬ್ಬಳ್ಳಿಯ ಬಡಾವಣೆಗಳಲ್ಲೂ ಇದೇ ಕಥೆ. ಹತ್ತು ಅಡಿ ಎತ್ತರಕ್ಕೆ ಏಳಿಂಚಿನ ಮೆಟ್ಟಿಲು ಅಂದ್ರೆ ಸುಮಾರು 17 ಮೆಟ್ಟಿಲಾಯ್ತು. ವಾಸದ ಮನೆಗಳಲ್ಲಿ ಒಂದು ಮೆಟ್ಟಿಲಿನ ಎತ್ತರ 190 ಮಿಲಿಮೀಟರ್ ಮೀರಬಾರದು, ಅಂದರೆ ಏಳೂವರೆ ಇಂಚು, ಅಂತ ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತೆ. ಜಾಗ ಉಳಿಸೋಕೆ ಹೋದ ಕಡೆ ಅದಕ್ಕಿಂತ ಎತ್ತರದ ಮೆಟ್ಟಿಲುಗಳೂ ಕಾಣಸಿಗುತ್ತವೆ. ಟೇಪ್ ಹಿಡಿದು ನಿಮ್ಮ ಮನೆಯದ್ದನ್ನೇ ಅಳೆದು ನೋಡಿ.

ಇದರಲ್ಲಿ ದೊಡ್ಡ ವಿಷಯ ಏನಿದೆ ಅಂತೀರಾ? ತವರಿನಲ್ಲಿ ಬಾಣಂತನ ಮುಗಿಸಿ, ಮೂರೋ ಐದೋ ತಿಂಗಳಿಗೆ ಮಗು ಎತ್ತಿಕೊಂಡು ತಾಯಿ ಈ ಮನೆಗೆ ವಾಪಸ್ ಬರ್ತಾಳೆ. ಗಂಡ ಬೆಳಗ್ಗೆ ಆಫೀಸಿಗೆ ಹೊರಟರೆ ಮನೆಯಲ್ಲಿ ಇಬ್ಬರೇ. ಪಾರ್ಕು ಪಕ್ಕದ ಬೀದಿಯಲ್ಲೇ ಇದೆ, ಉಡುಗೊರೆಯಾಗಿ ಬಂದ ಪ್ರ್ಯಾಮ್ ಹಾಲ್‌ನ ಮೂಲೆಯಲ್ಲಿದೆ. ಒಂದೆರಡು ಸಲ ಇಳಿಸೋಕೆ ನೋಡಿ ಸುಸ್ತಾಗಿ, ಆಮೇಲೆ ಅದರ ಮೇಲೆ ಒಗೆದ ಬಟ್ಟೆ ಒಣಗೋಕೆ ಶುರುವಾಗುತ್ತೆ. ವ್ಯಾಕ್ಸಿನ್ ದಿನ ಬಿಟ್ಟರೆ ತಾಯಿ ಗೇಟು ದಾಟೋದೇ ಇಲ್ಲ. ಹೊರಗೆ ಕಟ್ಟಿಹಾಕಿರೋದು ಆ 17 ಮೆಟ್ಟಿಲು, ಹೆಸರು ಮಾತ್ರ "ಅವಳಿಗೇ ಹೊರಗೆ ಹೋಗೋಕೆ ಇಷ್ಟ ಇಲ್ಲ" ಅಂತ.

ತೂಕದ ಲೆಕ್ಕ ನೋಡೋಣ. ದೊಡ್ಡ ಚಕ್ರದ, ಪೂರ್ತಿ ಮಲಗಿಸೋ ಥರದ ಪ್ರ್ಯಾಮ್ ಹತ್ತರಿಂದ ಹದಿಮೂರು ಕೆಜಿ ಇರುತ್ತೆ. ಆರು ತಿಂಗಳ ಮಗು ಏಳೆಂಟು ಕೆಜಿ. ಎರಡೂ ಸೇರಿದ್ರೆ ಹತ್ತಿರ ಹತ್ತಿರ ಒಂದು ತುಂಬಿದ ವಾಟರ್ ಕ್ಯಾನ್, 20 ಲೀಟರ್‌ದು. ಕ್ಯಾನನ್ನ ಮೇಲಿನ ಮನೆಗೆ ಹತ್ತಿಸೋ ಹುಡುಗ ಅದನ್ನ ಹೆಗಲ ಮೇಲೆ ಇಟ್ಕೊಳ್ತಾನೆ, ಹೊಟ್ಟೆ ಮುಂದೆ ಹಿಡ್ಕೊಂಡು ಹತ್ತಲ್ಲ. ಮತ್ತೆ ಕ್ಯಾನು ಕೈಕಾಲು ಆಡಿಸಲ್ಲ.

ಸಿಸೇರಿಯನ್ ಆಗಿದ್ದರಂತೂ ಲೆಕ್ಕವೇ ಬೇರೆ. ಮೊದಲ ಆರು ವಾರ ಮಗುವಿಗಿಂತ ಹೆಚ್ಚು ಭಾರದ್ದೇನೂ ಎತ್ತಬೇಡಿ ಅಂತ ಡಾಕ್ಟರುಗಳು ಸಾಮಾನ್ಯವಾಗಿ ಹೇಳ್ತಾರೆ. ಖಾಲಿ ಪ್ರ್ಯಾಮ್ ಕೂಡ ಮಗುವಿಗಿಂತ ಭಾರ. ಹಾಗಾಗಿ ಆ ದಿನಗಳಲ್ಲಿ ಬಾಣಂತಿ ಪ್ರ್ಯಾಮ್ ಹೊರೋ ಮಾತೇ ಬೇಡ, "ಮೆಲ್ಲಗೆ ತಗೊಂಡು ಹೋಗು" ಅನ್ನೋದೂ ಬೇಡ.

ಈಗ ಮುಖ್ಯವಾದ ಮಾತು. ಒಬ್ಬರೇ ಇದ್ದಾಗ ಮಗುವನ್ನ ಪ್ರ್ಯಾಮ್‌ನಲ್ಲಿ ಕೂರಿಸಿಕೊಂಡು ಪೂರ್ತಿ ಮೆಟ್ಟಿಲು ಇಳಿಯೋದು, ಹತ್ತೋದು ಬೇಡ. ಪ್ರ್ಯಾಮ್ ಜೊತೆ ಬರೋ ಪುಸ್ತಕಗಳಲ್ಲೂ ಮಗು ಕೂತಿದ್ದಾಗ ಮೆಟ್ಟಿಲು ಮತ್ತು ಎಸ್ಕಲೇಟರ್ ಮೇಲೆ ಬಳಸಬೇಡಿ ಅಂತ ಸಾಮಾನ್ಯವಾಗಿ ಬರೆದಿರುತ್ತೆ. ನಾವು ಆ ಪುಸ್ತಕವನ್ನ ಡಬ್ಬದ ಜೊತೆಗೇ ಎಸೆದಿರ್ತೀವಿ. ಗೇಟಿನ ಹತ್ತಿರ ಒಂದೋ ಎರಡೋ ಮೆಟ್ಟಿಲು ಇದ್ದರೆ ಪರವಾಗಿಲ್ಲ, ಅದಕ್ಕೊಂದು ಕ್ರಮ ಇದೆ. ಮಗುವಿಗೆ ಬೆಲ್ಟ್ ಹಾಕಿ. ಹತ್ತುವಾಗ ನೀವು ಬೆನ್ನು ತಿರುಗಿಸಿ ಮೊದಲು ಮೇಲೆ ಹೋಗಿ, ಹಿಡಿಯನ್ನ ಒತ್ತಿ ಹಿಂದಿನ ಚಕ್ರದ ಮೇಲೆ ಭಾರ ಹಾಕಿ ಎಳ್ಕೊಳ್ಳಿ. ಇಳಿಯುವಾಗ ಪ್ರ್ಯಾಮ್ ಮುಂದೆ, ನೀವು ಮೇಲೆ. ಮುಂದಿನ ಚಕ್ರ ಎತ್ತಿಕೊಂಡೇ ಹಿಂದಿನ ಚಕ್ರವನ್ನ ಒಂದೊಂದೇ ಮೆಟ್ಟಿಲಿಗೆ ನಿಧಾನವಾಗಿ ಬಿಡಬೇಕು. ಎಳೆಗೂಸಾದರೆ ಆ ಒಂದು ಮೆಟ್ಟಿಲಿಗೂ ಎತ್ತಿಕೊಳ್ಳೋದೇ ವಾಸಿ, ಕತ್ತು ಇನ್ನೂ ಗಟ್ಟಿಯಾಗಿರಲ್ಲ.

ಹಾಗಾದ್ರೆ 17 ಮೆಟ್ಟಿಲಿನವರು ಏನ್ಮಾಡಬೇಕು? ಪ್ರ್ಯಾಮ್ ಮೇಲೆ ಬರೋದೇ ಬೇಡ. ಅದರ ಮನೆ ಕೆಳಗೆ. ಸ್ಕೂಟರನ್ನ ಯಾರಾದ್ರೂ ಹಾಲ್‌ನಲ್ಲಿ ನಿಲ್ಲಿಸ್ತಾರಾ? ಇದೂ ಒಂದು ಗಾಡಿ ತಾನೆ.

ಇಲ್ಲಿ ಓನರ್ ಬರ್ತಾರೆ. ಮೆಟ್ಟಿಲ ಕೆಳಗಿನ ಜಾಗ ನಮ್ಮ ಮನೆಗಳಲ್ಲಿ ಭಾರಿ ಬೇಡಿಕೆಯ ಜಾಗ. ಸಂಪಿನ ಮುಚ್ಚಳ, ಮೋಟರು, ಮೀಟರ್ ಬೋರ್ಡು, ಓನರ್ ಅಂಕಲ್‌ರ ಹಳೇ ಸೈಕಲ್ಲು, ಒಡೆದ ಹೂಕುಂಡ ಎಲ್ಲಾ ಅಲ್ಲೇ. ಕೇಳೋವಾಗ "ಜಾಗ ಕೊಡಿ" ಅಂತ ಕೇಳಬೇಡಿ. ಮಡಚಿದ ಪ್ರ್ಯಾಮನ್ನ ಒಮ್ಮೆ ಅಲ್ಲಿ ನಿಲ್ಲಿಸಿ, "ಆಂಟಿ, ಇಷ್ಟೇ ಜಾಗ ಸಾಕು, ಮಗು ನಡೆಯೋವರೆಗೂ" ಅಂತ ತೋರಿಸಿ. ಎಷ್ಟು ಜಾಗ, ಎಷ್ಟು ದಿನ ಅಂತ ಕಣ್ಣಿಗೆ ಕಂಡ್ರೆ ಬೇಡ ಅನ್ನೋಕೆ ಮನಸ್ಸು ಬರಲ್ಲ. ಮಗುವನ್ನ ಎತ್ತಿಕೊಂಡೇ ಕೇಳಿದ್ರೆ ಇನ್ನೂ ಸುಲಭ, ಇದು ಅನುಭವಸ್ಥರ ಮಾತು.

ಜಾಗ ಸಿಕ್ಕ ಮೇಲೆ ಮೀಟರ್ ಬೋರ್ಡಿಗೆ ಒರಗಿಸಿ ಇಡಬೇಡಿ. ಬಟ್ಟೆ, ಸ್ಪಾಂಜು ಬೇಗ ಹೊತ್ತಿಕೊಳ್ಳುತ್ತೆ. ಓಡಾಡೋ ದಾರಿಗೂ ಅಡ್ಡ ಇಡಬೇಡಿ, ರಾತ್ರಿ ಕರೆಂಟು ಹೋದಾಗ ಯಾರಾದ್ರೂ ಎಡವುತ್ತಾರೆ. ಸೈಕಲ್ ಚೈನ್ ಲಾಕ್ ತಗೊಂಡು ಕಿಟಕಿ ಗ್ರಿಲ್ಲಿಗೋ ರೇಲಿಂಗಿಗೋ ಹಾಕಿ. ಲಾಕ್ ಹಾಕಬೇಕಾದ್ದು ಫ್ರೇಮಿಗೆ, ಚಕ್ರಕ್ಕೆ ಹಾಕಿದ್ರೆ ಚಕ್ರ ಮಾತ್ರ ಉಳಿಯಬಹುದು. ಸ್ಕೂಟರ್ ಕವರ್ ಇದ್ದರೆ ಮಡಚಿ ಹೊದಿಸಿ. ಮಗುವನ್ನ ಕೂರಿಸೋ ಮುಂಚೆ ಸೀಟನ್ನ ಎತ್ತಿ ಕೊಡವಿ ನೋಡೋದು ಮಾತ್ರ ದಿನಾ ಆಗಬೇಕು. ಹಲ್ಲಿ, ಜಿರಳೆ, ಕೆಲವು ಏರಿಯಾಗಳಲ್ಲಿ ಚೇಳೂ ಬರುತ್ತೆ. ಬೀದಿ ಬೆಕ್ಕಿಗಂತೂ ಅದಕ್ಕಿಂತ ಒಳ್ಳೆ ಹಾಸಿಗೆ ಸಿಗಲ್ಲ.

ಪ್ರ್ಯಾಮ್ ಕೆಳಗಾಯ್ತು, ಮಗು? ಮಗು ನಿಮ್ಮ ಮೈ ಮೇಲೆ. ಬೇಬಿ ಕ್ಯಾರಿಯರ್ ಕಟ್ಟಿಕೊಂಡ್ರೆ ಒಂದು ಕೈ ರೇಲಿಂಗಿಗೆ ಸಿಗುತ್ತೆ, ಇಡೀ ಏರ್ಪಾಡಿನ ಜೀವ ಇರೋದು ಆ ಒಂದು ಕೈಯಲ್ಲಿ. ಮಗುವಿನ ಮುಖ ನಿಮಗೆ ಕಾಣ್ತಿರಬೇಕು, ಗಲ್ಲ ಎದೆಗೆ ಒತ್ತಿಕೊಂಡಿರಬಾರದು, ಮೂಗಿಗೆ ಬಟ್ಟೆ ಅಡ್ಡ ಬರಬಾರದು. ಕ್ಯಾರಿಯರ್ ಮುಂದೆ ಕಟ್ಟಿದಾಗ ನಿಮ್ಮ ಪಾದ ನಿಮಗೇ ಕಾಣಲ್ಲ. ಹಾಗಾಗಿ ಇಳಿಯುವಾಗ ಸ್ವಲ್ಪ ಓರೆಯಾಗಿ, ಎರಡೂ ಕಾಲು ಒಂದೇ ಮೆಟ್ಟಿಲ ಮೇಲೆ ಊರಿ ಆಮೇಲೆ ಮುಂದಿನದಕ್ಕೆ. ನೈಟಿ ಅಂಚು, ದುಪಟ್ಟಾ, ಸವೆದ ಹವಾಯಿ ಚಪ್ಪಲಿ ಮೂರೂ ಇಲ್ಲಿ ಶತ್ರುಗಳೇ. ಫೋನು ಕಿವಿಯಲ್ಲಿ ಬೇಡ. ಹೌದು, ನಮ್ಮ ಪಾಡ್‌ಕಾಸ್ಟೂ ಪಾರ್ಕಿಗೆ ಹೋದ ಮೇಲೆ ಕೇಳಿ.

ವಾಪಸ್ ಬಂದಾಗ ಜನ ಎಡವೋದು ಚೀಲಗಳಿಂದ. ಬರ್ತಾ ದಾರಿಯಲ್ಲಿ ಹಾಲು, ತರಕಾರಿ ತಗೊಂಡು ಹಿಡಿಗೆ ನೇತುಹಾಕಿರ್ತೀರ. ಮಗುವನ್ನ ಎತ್ತಿಕೊಂಡ ಕ್ಷಣ ಮುಂದಿನ ಭಾರ ಹೋಗಿ ಪ್ರ್ಯಾಮ್ ಹಿಂದಕ್ಕೆ ಮಗುಚುತ್ತೆ. ಆದ್ದರಿಂದ ಮೊದಲು ಚೀಲ ಇಳಿಸಿ, ಆಮೇಲೆ ಮಗು. ಚೀಲ ಕೆಳಗೇ ಇರಲಿ. ಮಗುವನ್ನ ಮೇಲೆ ತೊಟ್ಟಿಲಿಗೆ ಹಾಕಿ, ಬಾಗಿಲು ಮುಂದೆ ಎಳ್ಕೊಂಡು ಮತ್ತೆ ಇಳಿಯೋ ಅಗತ್ಯ ಏನೂ ಇಲ್ಲ. ಸಂಜೆ ಯಜಮಾನರು ಬರ್ತಾ ತರ್ತಾರೆ. ಹಾಲಿನ ಪ್ಯಾಕೆಟ್ ಮಾತ್ರ ಬೆನ್ನಿನ ಬ್ಯಾಗಿಗೆ ಹಾಕ್ಕೊಳ್ಳಿ.

ಇನ್ನೊಂದು, ಕಾರ್ ನಿಲ್ಲಿಸೋ ಜಾಗ ಮಳೆನೀರು ಹರಿಯಲಿ ಅಂತ ರಸ್ತೆ ಕಡೆಗೆ ಇಳಿಜಾರಾಗಿರುತ್ತೆ. ಬ್ರೇಕ್ ಹಾಕಿದ್ರೂ ಪ್ರ್ಯಾಮನ್ನ ರಸ್ತೆಗೆ ಮುಖ ಮಾಡಿ ನಿಲ್ಲಿಸಬೇಡಿ, ಅಡ್ಡಡ್ಡ ನಿಲ್ಲಿಸಿ. ಗೇಟು ಹಾಕಿರಲಿ.

"ರ‍್ಯಾಂಪ್ ಹಾಕಿಸಿದ್ರೆ ಆಗಲ್ವಾ?" ಅಂತ ಯಾರಾದ್ರೂ ಕೇಳೇ ಕೇಳ್ತಾರೆ. ವೀಲ್‌ಚೇರ್ ರ‍್ಯಾಂಪಿಗೆ ಒಪ್ಪಿತವಾದ ಅಳತೆ 1:12, ಒಂದು ಇಂಚು ಏರಬೇಕಾದ್ರೆ ಒಂದು ಅಡಿ ಉದ್ದ. ಏಳಿಂಚಿನ ಮೂರು ಮೆಟ್ಟಿಲಿಗೇ 21 ಅಡಿ ಬೇಕು. 17 ಮೆಟ್ಟಿಲಿಗೆ 119 ಅಡಿ, ಸೈಟಿನ ಉದ್ದವೇ 40 ಅಡಿ. ಗೇಟಿನ ಹತ್ತಿರ ಸ್ಕೂಟರ್ ಹತ್ತಿಸೋಕೆ ಹಾಕಿರೋ ಸಿಮೆಂಟ್ ಇಳಿಜಾರು ಇದೆಯಲ್ಲ, ಅದನ್ನ ನಂಬಬೇಡಿ. ಸ್ಕೂಟರಿನ ಚಕ್ರಗಳು ಒಂದರ ಹಿಂದೆ ಒಂದು, ಮೇಲಾಗಿ ಅದನ್ನ ಎಂಜಿನ್ ಎಳೆಯುತ್ತೆ. ಪ್ರ್ಯಾಮಿನ ಚಕ್ರಗಳು ಅಕ್ಕಪಕ್ಕ, ಸುಮಾರು ಎರಡಡಿ ಅಗಲಕ್ಕೆ. ಒಂದು ಬದಿ ಇಳಿಜಾರಿನ ಮೇಲೆ, ಇನ್ನೊಂದು ಬದಿ ಗಾಳಿಯಲ್ಲಿ ಆದ್ರೆ ಕಥೆ ಮುಗೀತು. ಅಷ್ಟು ಅಗಲ ಇದ್ದು ಕಡಿದಾಗಿಲ್ಲದಿದ್ದರೆ ಮಾತ್ರ ಉಪಯೋಗಿಸಿ.

ಇನ್ನೂ ಪ್ರ್ಯಾಮ್ ಕೊಂಡಿಲ್ಲದವರಿಗೆ ಒಂದು ಮಾತು. ಕೆಳಗೆ ಜಾಗ ಸಿಗೋದೇ ಇಲ್ಲ ಅಂತಾದ್ರೆ ಐದಾರು ಕೆಜಿಯ, ಒಂದೇ ಕೈಯಲ್ಲಿ ಮಡಚೋ ಗಾಡಿ ನೋಡಿ. ಮಡಚಿದ್ದನ್ನ ಬೆನ್ನಿಗೆ ನೇತುಹಾಕೋ ಪಟ್ಟಿ ಇರೋವು ಬಂದಿವೆ. ಮಡಚೋ ಗಾಡಿಯ ಹುಟ್ಟಿನ ಹಿಂದೆಯೂ ಭಾರ ಹೊರೋ ಕಷ್ಟವೇ ಇದೆ. ಸ್ಪಿಟ್‌ಫೈರ್ ಯುದ್ಧವಿಮಾನದ ಚಕ್ರಗಳ ವ್ಯವಸ್ಥೆ ವಿನ್ಯಾಸ ಮಾಡಿದ್ದ ಇಂಗ್ಲೆಂಡಿನ ಓವನ್ ಮೆಕ್ಲಾರೆನ್, ಭಾರವಾದ ಪ್ರ್ಯಾಮ್ ಹೊತ್ತುಕೊಂಡು ಪ್ರಯಾಣ ಮಾಡೋ ತನ್ನ ಮಗಳ ಪಾಡು ನೋಡಿ, 1965ರಲ್ಲಿ ಛತ್ರಿಯಂತೆ ಮಡಚೋ ಅಲ್ಯೂಮಿನಿಯಂ ಗಾಡಿ ರೂಪಿಸಿದ. ತೂಕ ಮೂರು ಕೆಜಿಯೂ ಇರಲಿಲ್ಲ. ಆದ್ರೆ ಛತ್ರಿ ಥರದವು ಪೂರ್ತಿ ಮಲಗೋ ಹಾಗೆ ಬಾಗದೇ ಇದ್ದರೆ, ಸುಮಾರು ಆರು ತಿಂಗಳಾಗಿ ಮಗು ಕೂರೋವರೆಗೂ ಅದರಲ್ಲಿ ಕೂರಿಸಬೇಡಿ. ಅಲ್ಲಿವರೆಗೆ ಕ್ಯಾರಿಯರ್ ಸಾಕು. ನಮ್ಮ ಫುಟ್‌ಪಾತ್‌ಗಳ ಸ್ಥಿತಿಗೆ ಕ್ಯಾರಿಯರೇ ವಾಸಿ ಅನ್ನಿಸೋ ದಿನಗಳೂ ಇವೆ.

ಇಬ್ಬರಿದ್ದಾಗಲೂ ಕ್ರಮ ಅದೇ: ಒಬ್ಬರ ಕೈಯಲ್ಲಿ ಮಗು, ಇನ್ನೊಬ್ಬರ ಕೈಯಲ್ಲಿ ಮಡಚಿದ ಗಾಡಿ. ಗಾಡಿ ಎತ್ತೋವಾಗ ಫ್ರೇಮ್ ಹಿಡೀರಿ. ಮಗುವಿನ ಮುಂದಿರೋ ಅಡ್ಡ ಕಂಬಿ ಹಿಡಿದ್ರೆ ಅದು ಕಿತ್ತು ಕೈಗೆ ಬರುತ್ತೆ.

ಮಳೆಗಾಲಕ್ಕೆ ಮುಂಚೆ ಪಾಲಿಶ್ ಗ್ರಾನೈಟ್ ಮೆಟ್ಟಿಲಿನ ಅಂಚಿಗೆ ಜಾರದ ಟೇಪ್ ಅಂಟಿಸಿಬಿಡಿ. ಹಾರ್ಡ್‌ವೇರ್ ಅಂಗಡಿಯಲ್ಲಿ ರೋಲ್ ಸಿಗುತ್ತೆ, ಮರಳು ಕಾಗದದ ಥರ ಒರಟಾಗಿರುತ್ತೆ. ಮೆಟ್ಟಿಲು ಪೂರ್ತಿ ಒಣಗಿದ ದಿನ ಅಂಟಿಸಿದ್ರೆ ಮಾತ್ರ ನಿಲ್ಲುತ್ತೆ. ಓನರ್ ಆಂಟಿಯೂ ಟೆರೇಸಿಗೆ ಬಟ್ಟೆ ಒಣಹಾಕೋಕೆ ಅದೇ ಮೆಟ್ಟಿಲು ಹತ್ತಬೇಕಲ್ಲ, ಅವರು ಬೇಡ ಅನ್ನಲ್ಲ.