ಅತ್ಯುತ್ತಮ ಗೀತೆ ಯಾವುದು? ಜನಪ್ರಿಯ ಗೀತೆಗಳ ತಾರತಮ್ಯ ನಿರ್ಣಯದಲ್ಲಿ ಅಳತೆಗೋಲುಗಳ ವಿಚಾರ

ಎರಡು ಗೀತೆಗಳಲ್ಲಿ ಯಾವುದು ಮೇಲು ಎಂಬ ಚರ್ಚೆಯು ವಿದ್ಯಾರ್ಥಿನಿಲಯದ ಜಗಲಿಯ ಮೇಲೂ ಹೋಟೆಲಿನ ಮೇಜಿನ ಸುತ್ತಲೂ ನಿತ್ಯ ನಡೆಯತಕ್ಕದ್ದು. ಇದು ಹೊತ್ತು ಕಳೆಯುವವರ ಮಾತೆಂದೂ, ಅವರವರ ರುಚಿ ಅವರವರಿಗೆ ಸೇರಿದ್ದೆಂದೂ ಹೇಳಿ ವಿದ್ವಾಂಸರು ಇದನ್ನು ತಳ್ಳಿಹಾಕುವುದು ವಾಡಿಕೆ. ಆದರೆ ನಮ್ಮ ದೇಶದಲ್ಲಿ ಈ ಜಗಳವು ಬಹುಕಾಲ ಬರಿಯ ಮಾತಿನ ಜಗಳವಾಗಿ ಉಳಿಯಲಿಲ್ಲ. ಗೀತೆಗಳನ್ನು ತೂಗುವುದಕ್ಕೆಂದೇ ತಕ್ಕಡಿಗಳು ಏರ್ಪಟ್ಟುವು: ಮಾರಾಟದ ಲೆಕ್ಕ, ಶ್ರೋತೃಗಳ ಪತ್ರ, ಪತ್ರಿಕೆಯ ಪ್ರಶಸ್ತಿ, ಸರ್ಕಾರದ ಪುರಸ್ಕಾರ. ತಕ್ಕಡಿ ಇದ್ದಲ್ಲಿ ಅದರ ತಟ್ಟೆಯಲ್ಲಿ ಏನನ್ನು ಇಟ್ಟಿದ್ದಾರೆಂದು ನೋಡುವ ಹೊಣೆ ಸಂಶೋಧಕನದು. ಪ್ರಕೃತ ಲೇಖನದಲ್ಲಿ ಅಷ್ಟನ್ನು ಮಾತ್ರ ಮಾಡಲು ಯತ್ನಿಸಲಾಗಿದೆ. ಈ ತಕ್ಕಡಿಗಳು ಮೊದಲು ಹಿಂದಿ ಚಲಚ್ಚಿತ್ರ ಗೀತೆಗಳಿಗಾಗಿ ಸಿದ್ಧವಾದುದರಿಂದ ೧೯೫೨ರಿಂದ ೧೯೬೭ರವರೆಗಿನ ಆ ಗೀತೆಗಳನ್ನು ಮುಖ್ಯ ಸಾಮಗ್ರಿಯಾಗಿ ಇಟ್ಟುಕೊಂಡು, ಕಡೆಯಲ್ಲಿ ಕನ್ನಡದ ಎರಡು ಪ್ರಸಂಗಗಳನ್ನು ಪರಿಶೀಲಿಸುತ್ತೇವೆ.

ಮೊದಲನೆಯ ತಕ್ಕಡಿಯು ಒಂದು ನಿಷೇಧದ ನೆರಳಿನಲ್ಲಿ ಹುಟ್ಟಿತು. ೧೯೫೨ರಲ್ಲಿ ವಾರ್ತಾ ಮತ್ತು ಪ್ರಸಾರ ಖಾತೆಯ ಸಚಿವರಾದ ಬಿ. ವಿ. ಕೇಸ್ಕರರಿಗೆ ಚಿತ್ರಗೀತೆಗಳ ವಿಷಯದಲ್ಲಿ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಆಕಾಶವಾಣಿಯಲ್ಲಿ ಅವುಗಳಿಗೆ ಮೀಸಲಾದ ಹೊತ್ತನ್ನು ಕುಗ್ಗಿಸಲಾಯಿತು. ಗೀತೆಯೊಡನೆ ಚಿತ್ರದ ಹೆಸರನ್ನು ಹೇಳಿದರೆ ಅದು ಜಾಹೀರಾತಾಗುವುದೆಂದು ಹೆಸರು ಹೇಳುವುದನ್ನೂ ನಿಲ್ಲಿಸಲಾಯಿತು. ನಿರ್ಮಾಪಕರು ಸಿಟ್ಟಾಗಿ ತಮ್ಮ ಅನುಮತಿಯನ್ನು ಹಿಂದಕ್ಕೆ ಪಡೆದರು. ಚಿತ್ರಗೀತೆ ಆಕಾಶವಾಣಿಯಿಂದ ಮರೆಯಾಯಿತು. ಉತ್ತಮ ಗೀತೆ ಯಾವುದೆಂಬುದನ್ನು ತಿಳಿದವರು ನಿರ್ಣಯಿಸಬೇಕು, ಜನರು ಕೇಳಬೇಕು ಎಂಬುದು ಈ ಕ್ರಮದ ಹಿಂದಿದ್ದ ತತ್ತ್ವ. ಜನರಾದರೋ ರೇಡಿಯೋದ ಮುಳ್ಳನ್ನು ಸಿಂಹಳದ ಕಡೆಗೆ ತಿರುಗಿಸಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆಗಾಗಿ ಸ್ಥಾಪಿತವಾಗಿದ್ದ ಶಕ್ತಿಯುತವಾದ ಪ್ರಸಾರಯಂತ್ರವನ್ನು ಪಡೆದಿದ್ದ ರೇಡಿಯೋ ಸಿಲೋನ್ ನಿಲಯವು ೧೯೫೨ರ ಡಿಸೆಂಬರ್ ೩ರಂದು 'ಬಿನಾಕಾ ಗೀತ್‌ಮಾಲಾ' ಎಂಬ ಕಾರ್ಯಕ್ರಮವನ್ನು ಆರಂಭಿಸಿತು. ನಿರೂಪಕರು ಆಗ ಇನ್ನೂ ಇಪ್ಪತ್ತು ತುಂಬದ ತರುಣರಾಗಿದ್ದ ಅಮೀನ್ ಸಯಾನಿ. ಖರ್ಚು ದಂತಮಂಜನದ ಕಂಪನಿಯದು. ಬುಧವಾರ ರಾತ್ರಿ ಎಂಟು ಗಂಟೆಗೆ, ಸ್ವಂತ ರೇಡಿಯೋ ಇಲ್ಲದವರು ಹೋಟೆಲಿನ ಮುಂದೆ ನಿಂತು ಕೇಳುತ್ತಿದ್ದ ಈ ಕಾರ್ಯಕ್ರಮದಲ್ಲಿ ಗೀತೆಗಳಿಗೆ ಮೆಟ್ಟಿಲುಗಳನ್ನು ಕಲ್ಪಿಸಿ, ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಏರಿಸಿ ಕಡೆಗೆ ಮೇಲುಗೀತೆಯನ್ನು ಮುಟ್ಟುತ್ತಿದ್ದರು. ವಾರವಾರದ ಸ್ಥಾನಗಳನ್ನು ಕೂಡಿ ವರ್ಷದ ಕೊನೆಗೆ ವಾರ್ಷಿಕ ಪಟ್ಟಿ ಸಿದ್ಧವಾಗುತ್ತಿತ್ತು.

ಈ ಪಟ್ಟಿಯು ಅಳೆಯುತ್ತಿದ್ದುದೇನು? ಮುಖ್ಯವಾಗಿ ಅಂಗಡಿಗಳಲ್ಲಿ ಮಾರಾಟವಾದ ಗ್ರಾಮಫೋನ್ ತಟ್ಟೆಗಳನ್ನು. ತಟ್ಟೆ ಕೊಳ್ಳುವವನ ಮನೆಯಲ್ಲಿ ಗ್ರಾಮಫೋನ್ ಇರಬೇಕಷ್ಟೆ. ಹೋಟೆಲಿನ ಮುಂದೆ ನಿಂತು ಕೇಳುತ್ತಿದ್ದವನ ಮೆಚ್ಚುಗೆಗೆ ಈ ಲೆಕ್ಕದಲ್ಲಿ ಸ್ಥಾನವಿರಲಿಲ್ಲ. ಇನ್ನೊಂದು ತೊಡಕೂ ಇದ್ದಿತು. ಬೇಡಿಕೆ ಹೆಚ್ಚಿ ಅಂಗಡಿಯಲ್ಲಿ ತಟ್ಟೆ ತೀರಿಹೋದರೆ, ಗೀತೆಯ ಕೀರ್ತಿ ಏರುತ್ತಿರುವಾಗಲೇ ಅದರ ಲೆಕ್ಕ ಇಳಿಯುತ್ತಿತ್ತು. ಆದಕಾರಣ ಊರೂರುಗಳಲ್ಲಿ ಕಟ್ಟಿಕೊಂಡಿದ್ದ ಶ್ರೋತೃಸಂಘಗಳ ಪತ್ರಗಳನ್ನೂ ಗಣನೆಗೆ ತಂದರು. ಆಗ ಪತ್ರ ಬರೆಯುವ ಉತ್ಸಾಹವುಳ್ಳವರ ರುಚಿಗೆ ತೂಕ ಬಂದಿತು. ವರ್ಷದ ಆದಿಯಲ್ಲಿ ಬಂದ ಗೀತೆಯು ಹನ್ನೆರಡು ತಿಂಗಳ ಫಲವನ್ನು ಉಣ್ಣುವುದು. ನವೆಂಬರಿನಲ್ಲಿ ಬಂದದ್ದು ತನ್ನ ಗಳಿಕೆಯನ್ನು ಎರಡು ವರ್ಷಗಳಿಗೆ ಹಂಚಿಕೊಂಡು ಎರಡರಲ್ಲಿಯೂ ಹಿಂದೆ ಬೀಳುವುದು. ಇವು ಸಣ್ಣ ದೋಷಗಳಂತೆ ತೋರಬಹುದು. ಆದರೆ 'ವರ್ಷದ ಅತ್ಯುತ್ತಮ' ಎಂಬ ಬಿರುದು ನಿಂತಿರುವುದು ಇಂಥ ಲೆಕ್ಕದ ಮೇಲೆಯೇ.

೧೯೫೭ನೆಯ ವರ್ಷದ ಪಟ್ಟಿ ಈ ದೃಷ್ಟಿಯಿಂದ ಬಹಳ ಬೋಧಪ್ರದವಾದುದು. ಅದು 'ಪ್ಯಾಸಾ', 'ನಯಾ ದೌರ್', 'ಮದರ್ ಇಂಡಿಯಾ' ಚಿತ್ರಗಳು ಬಂದ ವರ್ಷ. ಸಚಿನ್ ದೇವ್ ಬರ್ಮನ್, ಓ. ಪಿ. ನಯ್ಯರ್, ನೌಷಾದ್ ಮೂವರೂ ಕಣದಲ್ಲಿದ್ದ ವರ್ಷ. ಆದರೆ ವಾರ್ಷಿಕ ಪಟ್ಟಿಯ ಮೊದಲ ಸ್ಥಾನವು 'ಜನಮ್ ಜನಮ್ ಕೆ ಫೇರೆ' ಎಂಬ ಭಕ್ತಿಪ್ರಧಾನ ಚಿತ್ರದ ಗೀತೆಗೆ ಸಂದಿತು. ಪದ ಭರತ್ ವ್ಯಾಸರದು, ಸಂಗೀತ ಎಸ್. ಎನ್. ತ್ರಿಪಾಠಿಯವರದು, ಹಾಡಿದವರು ಲತಾ ಮಂಗೇಶ್ಕರ್ ಮತ್ತು ಮಹಮ್ಮದ್ ರಫಿ. ಚಿತ್ರವನ್ನು ಇಂದು ನೆನೆಯುವವರು ವಿರಳ. ಇಷ್ಟರಿಂದಲೇ ಜನರು ತಪ್ಪಿದರೆಂದು ತೀರ್ಪು ಕೊಡುವುದು ಅವಸರದ ಮಾತಾದೀತು. 'ಪ್ಯಾಸಾ' ಗೀತೆಗಳು ತಮ್ಮ ಪೂರ್ಣಾರ್ಥವನ್ನು ಚಿತ್ರದ ಸನ್ನಿವೇಶದಿಂದ ಪಡೆಯುತ್ತವೆ. ತಟ್ಟೆಯ ಮೇಲೆ ಅವು ಅರ್ಧ ಮಾತ್ರ. ಆ ಮತ್ತೊಂದು ಗೀತೆಯಾದರೋ ಚಿತ್ರದ ಹಂಗಿಲ್ಲದೆ, ಮನೆಯ ಭಜನೆಯೊಡನೆ ಸೇರಿಕೊಂಡು ನಿಲ್ಲಬಲ್ಲದು. ತಟ್ಟೆಯನ್ನು ಎಣಿಸುವ ಅಳತೆಗೋಲು ತಟ್ಟೆಯಲ್ಲಿ ಪೂರ್ಣವಾಗಿರುವ ಗೀತೆಯನ್ನೇ ಮೇಲಕ್ಕೆತ್ತಿತು. ಇದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯ ತಕ್ಕಡಿ ಮುಂಬಯಿಯ 'ಫಿಲ್ಮ್‌ಫೇರ್' ಪತ್ರಿಕೆಯದು. ೧೯೫೪ರಲ್ಲಿ ಈ ಪ್ರಶಸ್ತಿಗಳು ಆರಂಭವಾದಾಗ ಸಂಗೀತಕ್ಕೆ ಇದ್ದುದು ಒಂದೇ ಪುರಸ್ಕಾರ, ಅದೂ ಸಂಗೀತ ನಿರ್ದೇಶಕನಿಗೆ. ಮೊದಲ ವರ್ಷ ಅದು 'ಬೈಜು ಬಾವ್ರಾ' ಚಿತ್ರಕ್ಕಾಗಿ ನೌಷಾದರಿಗೆ ಬಂದಿತು. ೧೯೫೭ರಲ್ಲಿ 'ಚೋರಿ ಚೋರಿ' ಚಿತ್ರಕ್ಕಾಗಿ ಶಂಕರ್–ಜೈಕಿಶನ್ ಜೋಡಿಗೆ ಪ್ರಶಸ್ತಿ ದೊರೆತಾಗ, ಸಮಾರಂಭದಲ್ಲಿ ಆ ಚಿತ್ರದ ಗೀತೆಯೊಂದನ್ನು ಹಾಡಬೇಕೆಂದು ಲತಾ ಮಂಗೇಶ್ಕರರನ್ನು ಕೇಳಿಕೊಳ್ಳಲಾಯಿತು. ಅವರು ಒಪ್ಪಲಿಲ್ಲ. ಪ್ರಶಸ್ತಿಯು ಮಟ್ಟು ಹಾಕಿದವರಿಗೆ ಸಂದಿದೆ, ಹಾಡಿದವರಿಗೂ ಬರೆದವರಿಗೂ ಅಲ್ಲ. ಹಾಗಿದ್ದಮೇಲೆ ಕಂಠವೂ ಪದವೂ ಇಲ್ಲದೆ ವಾದ್ಯಗಳನ್ನಷ್ಟೆ ನುಡಿಸಿರಿ ಎಂಬುದು ಅವರ ಉತ್ತರದ ತಾತ್ಪರ್ಯ. ಇದನ್ನು ಕಲಾವಿದೆಯ ಮುನಿಸೆಂದು ಬರೆದವರುಂಟು. ನಮ್ಮ ಅಭಿಪ್ರಾಯದಲ್ಲಿ ಈ ವಿಷಯದ ಮೇಲೆ ಅಂದು ಬಂದ ವಿಮರ್ಶೆಗಳಲ್ಲೆಲ್ಲ ಇದೇ ನಿಶಿತವಾದುದು. ಗೀತೆಯನ್ನು ಮೆಚ್ಚಿ ಅದರ ಒಂದು ಅಂಗಕ್ಕೆ ಮಾತ್ರ ಹಾರ ಹಾಕುವುದು ಸರಿಯೆ ಎಂದು ಅದು ಕೇಳಿತು.

೧೯೫೯ರಲ್ಲಿ ಹಿನ್ನೆಲೆ ಗಾಯನಕ್ಕೂ ಗೀತರಚನೆಗೂ ಪ್ರತ್ಯೇಕ ಪ್ರಶಸ್ತಿಗಳು ಏರ್ಪಟ್ಟುವು. ಗಾಯನದ ಪ್ರಶಸ್ತಿ 'ಮಧುಮತಿ'ಯ ಗೀತೆಗಾಗಿ ಲತಾ ಅವರಿಗೂ, ಸಂಗೀತದ ಪ್ರಶಸ್ತಿ ಅದೇ ಚಿತ್ರಕ್ಕಾಗಿ ಸಲಿಲ್ ಚೌಧುರಿಯವರಿಗೂ ಬಂದಿತು. ಆ ಚಿತ್ರದ ಪದಗಳನ್ನು ಬರೆದವರು ಶೈಲೇಂದ್ರ. ಅವರಿಗೂ ಪ್ರಶಸ್ತಿ ಬಂದಿತು, ಆದರೆ 'ಯಹೂದಿ' ಎಂಬ ಬೇರೆ ಚಿತ್ರದ ಗೀತೆಗಾಗಿ. ಇಡೀ ಗೀತೆಯು ಹೀಗೆ ಅಂಗಾಂಗವಾಗಿ ತೂಗಲ್ಪಟ್ಟಿತು. ಗಾಯಕರಿಗೂ ಗಾಯಕಿಯರಿಗೂ ಬೇರೆ ಬೇರೆ ಪ್ರಶಸ್ತಿಗಳಾದುದು ೧೯೬೮ರಲ್ಲಿ. ವಾದ್ಯಮೇಳವನ್ನು ಅಣಿಗೊಳಿಸುವವರ ಪಾಲಿಗೆ ಏನೂ ಇರಲಿಲ್ಲ. ಶಂಕರ್–ಜೈಕಿಶನ್‌ರ ಗೀತೆಗಳಲ್ಲಿ ನಾವು ಮೆಚ್ಚುವ ಪಿಟೀಲುಗಳ ತುಂಬುಧ್ವನಿಯ ಹಿಂದೆ ಗೋವೆಯ ಸೆಬಾಸ್ಟಿಯನ್ ಡಿಸೋಜರ ಕೈ ಬಹುಕಾಲ ಇದ್ದಿತೆಂಬುದನ್ನು ಪ್ರಶಸ್ತಿಗಳ ಪಟ್ಟಿಯಿಂದ ಯಾರೂ ತಿಳಿಯಲಾರರು.

ಈ ಎರಡು ತಕ್ಕಡಿಗಳೂ ಒಂದೇ ಕಡೆಗೆ ಬಾಗಿದ ವರ್ಷವೊಂದುಂಟು. ಇಂದಿಗೂ ಶ್ರೋತೃಗಳು ಅದರ ವಿಷಯವಾಗಿ ಜಗಳವಾಡುತ್ತಾರೆ. ೧೯೬೬ರ ಗೀತ್‌ಮಾಲಾ ವಾರ್ಷಿಕ ಪಟ್ಟಿಯಲ್ಲಿ 'ಸೂರಜ್' ಚಿತ್ರದ, ವಸಂತವನ್ನು ಕರೆದು ಹೂಮಳೆ ಬೇಡುವ ಗೀತೆಯು ಮೊದಲಿನದಾಯಿತು. ೧೯೬೭ರ ಫಿಲ್ಮ್‌ಫೇರ್‌ನಲ್ಲಿ ಅದೇ ಚಿತ್ರಕ್ಕೆ ಸಂಗೀತದ ಪ್ರಶಸ್ತಿ ಶಂಕರ್–ಜೈಕಿಶನ್‌ಗೆ, ಅದೇ ಗೀತೆಗೆ ರಚನೆಯ ಪ್ರಶಸ್ತಿ ಹಸರತ್ ಜೈಪುರಿಗೆ, ಗಾಯನದ ಪ್ರಶಸ್ತಿ ರಫಿಗೆ. ಅದೇ ವರ್ಷ ಅತ್ಯುತ್ತಮ ಚಿತ್ರ, ನಿರ್ದೇಶನ, ನಟ, ನಟಿ, ಕಥೆ ಮೊದಲಾದ ಪ್ರಶಸ್ತಿಗಳನ್ನು ಪಡೆದದ್ದು 'ಗೈಡ್'. ಇದು ನಮ್ಮ ಮೈಸೂರಿನ ಆರ್. ಕೆ. ನಾರಾಯಣರ ಕಾದಂಬರಿಯನ್ನು ಆಧರಿಸಿದ ಚಿತ್ರ. (ಕಥೆಯ ಪ್ರಶಸ್ತಿ ಪಡೆದ ನಾರಾಯಣರು ತಮ್ಮ ಕಥೆಗೆ ಚಿತ್ರದವರು ಮಾಡಿದ ಗತಿಯನ್ನು ಲೇವಡಿ ಮಾಡಿ ಒಂದು ಪ್ರಬಂಧವನ್ನೇ ಬರೆದರು.) ಅದರ ಸಂಗೀತ ಬರ್ಮನ್‌ರದು, ಪದಗಳು ಬಹುಮಟ್ಟಿಗೆ ಶೈಲೇಂದ್ರರವು. ಇವರಿಗೆ ಮಾತ್ರ ಏನೂ ಬರಲಿಲ್ಲ.

ನಾವು 'ಗೈಡ್' ಪಕ್ಷದವರೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಪಕ್ಷವನ್ನು ಬದಿಗಿಟ್ಟು ನೋಡಿದರೆ ಎರಡೂ ಕಡೆಯವರು ಬೇರೆ ಬೇರೆ ವಸ್ತುಗಳನ್ನು ಹೋಲಿಸುತ್ತಿರುವುದು ಕಾಣುತ್ತದೆ. 'ಸೂರಜ್' ಎಂದಾಗ ಜನರ ಮನಸ್ಸಿನಲ್ಲಿರುವುದು ಒಂದು ಗೀತೆ. ಶಿವರಂಜನಿಯ ನೆರಳಿನ, ಮೊದಲ ಸಲ ಕೇಳಿದವನೂ ಪಲ್ಲವಿಯನ್ನು ಗುನುಗಿಕೊಂಡು ಹೋಗಬಹುದಾದ ಮಟ್ಟು. 'ಗೈಡ್' ಎಂದಾಗ ಮನಸ್ಸಿನಲ್ಲಿರುವುದು ಒಂದು ಗುಚ್ಛ: ದೀರ್ಘವಾದ ನೃತ್ಯಗೀತೆ, ಬಂಗಾಳದ ಮಾಂಝಿಗಳ ಧಾಟಿಯಲ್ಲಿ ಬರ್ಮನ್‌ರೇ ಹಾಡಿದ ದಾರಿಹೋಕನ ಗೀತೆ, ಮುರಿದ ಸಂಬಂಧದ ಎರಡು ಮಗ್ಗುಲನ್ನು ತೋರಿಸುವ ಗೀತೆಗಳು. ಒಂದೊಂದೂ ಕಥೆಯ ಒಂದೊಂದು ಘಟ್ಟವನ್ನು ಹೊತ್ತಿದೆ. ಸಂಗೀತ ನಿರ್ದೇಶನದ ಪ್ರಶಸ್ತಿ ಇಡೀ ಚಿತ್ರಕ್ಕೆ ಎಂದಾದರೆ ಗುಚ್ಛವನ್ನು ತೂಗಬೇಕಾಗಿದ್ದಿತು. ತೂಗಿದ್ದು ಒಂದು ಹೂವನ್ನು ಎಂಬುದು ನಮ್ಮ ತಕರಾರು.

ಆ ಒಂದು ಹೂವಿನ ಬಾಳಿಕೆಯೂ ಸಾಮಾನ್ಯವಲ್ಲ. ೨೦೧೩ರಲ್ಲಿ, ಭಾರತೀಯ ಚಲಚ್ಚಿತ್ರಕ್ಕೆ ನೂರು ವರ್ಷ ತುಂಬಿದ ಸಂದರ್ಭದಲ್ಲಿ, ಬ್ರಿಟನ್ನಿನ ಬಿಬಿಸಿ ಏಷ್ಯನ್ ನೆಟ್‌ವರ್ಕ್ ನಡೆಸಿದ ಮತಗಣನೆಯಲ್ಲಿಯೂ ಮೊದಲು ಬಂದುದು 'ಸೂರಜ್' ಗೀತೆಯೇ. ಸುಮಾರು ಐವತ್ತು ವರ್ಷಗಳ ಅಂತರದಲ್ಲಿ, ಬೇರೆ ದೇಶದಲ್ಲಿ, ಬೇರೆ ವಿಧಾನದಿಂದ ಅದೇ ಫಲಿತಾಂಶ ಬಂದುದನ್ನು ಲಘುವಾಗಿ ಕಾಣಲಾಗದು. ಇದಕ್ಕೆ ಕಾರಣವನ್ನು ಗೀತೆಯೊಳಗೆ ಮಾತ್ರ ಹುಡುಕಿದರೆ ಸಾಲದು. ಮದುವೆಯ ದಿಬ್ಬಣ ಬಾಗಿಲಿಗೆ ಬಂದಾಗ ಬ್ಯಾಂಡಿನವರು ನುಡಿಸುವ ಗೀತೆಗಳಲ್ಲಿ ಇದು ಸೇರಿಹೋಯಿತು. ಚಿತ್ರವನ್ನು ನೋಡದವರೂ ತಮ್ಮ ಮದುವೆಯಲ್ಲಿ ಇದನ್ನು ಕೇಳಿದರು. ಮತ ಹಾಕುವಾಗ ಅವರು ಗೀತೆಗೂ ತಮ್ಮ ಬಾಳಿನ ಒಂದು ದಿನಕ್ಕೂ ಒಟ್ಟಿಗೆ ಮತ ಹಾಕಿದರೆಂದು ನಮಗೆ ತೋರುತ್ತದೆ. ಊರು ಬಿಟ್ಟು ಹೋದವರಲ್ಲಿ ಈ ನೆನಪು ಇನ್ನೂ ಗಾಢವಾಗಿರುವುದು ಸಹಜ.

ಇದೆಲ್ಲ ಕೀರ್ತಿಯ ಮಾತಾಯಿತು. ಗೀತೆಯ ಯಾವ ಅಂಗ ಮುಖ್ಯ ಎಂಬ ಪ್ರಶ್ನೆಗೆ ಹಣದ ಮುಖವೂ ಉಂಟು. ೧೯೭೭ರಲ್ಲಿ ಸರ್ವೋಚ್ಚ ನ್ಯಾಯಾಲಯವು, ಚಿತ್ರಕ್ಕಾಗಿ ಹಣ ಕೊಟ್ಟು ಮಾಡಿಸಿದ ಪದ ಹಾಗೂ ಸಂಗೀತದ ಕೃತಿಸ್ವಾಮ್ಯವು, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ನಿರ್ಮಾಪಕನದೇ ಎಂದು ತೀರ್ಪಿತ್ತಿತು. ಆ ಪೀಠದಲ್ಲಿದ್ದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ತೀರ್ಪಿಗೆ ಸಮ್ಮತಿಸಿಯೂ ಪ್ರತ್ಯೇಕ ಟಿಪ್ಪಣಿಯೊಂದನ್ನು ಸೇರಿಸಿದರು: ಕಾನೂನು ಮಟ್ಟು ಹಾಕಿದವನನ್ನು ಕಾಯುತ್ತದೆ, ಹಾಡುವವನನ್ನು ಕಾಯುವುದಿಲ್ಲ, ಗಾಯಕನ ಕಂಠದಲ್ಲಿಯೇ ಸಂಗೀತ ಜೀವ ತಳೆಯುವ ನಮ್ಮ ದೇಶದ ಪದ್ಧತಿಗೆ ಇದು ಹೊಂದುವುದಿಲ್ಲ ಎಂಬುದು ಅದರ ಸಾರ. ಇಪ್ಪತ್ತು ವರ್ಷಗಳ ಹಿಂದೆ ಗಾಯಕಿಯೊಬ್ಬರು ಎತ್ತಿದ್ದ ಆಕ್ಷೇಪಣೆಯೇ ಇಲ್ಲಿ ನ್ಯಾಯಪೀಠದಿಂದ ಕೇಳಿಬಂದಿತು. ಪ್ರದರ್ಶಕರ ಹಕ್ಕು ಕಾನೂನಿನಲ್ಲಿ ಸೇರಿದುದು ೧೯೯೪ರಲ್ಲಿ. ಚಿತ್ರಮಂದಿರದ ಹೊರಗಿನ ಬಳಕೆಯಿಂದ ಬರುವ ಗೌರವಧನದಲ್ಲಿ ಕವಿಗೂ ಸಂಗೀತ ನಿರ್ದೇಶಕನಿಗೂ ಬಿಟ್ಟುಕೊಡಲಾಗದ ಸಮಪಾಲು ದೊರೆತುದು ೨೦೧೨ರ ತಿದ್ದುಪಡಿಯಿಂದ. ಅಷ್ಟು ಹೊತ್ತಿಗೆ ಶೈಲೇಂದ್ರರು ತೀರಿಕೊಂಡು ಸುಮಾರು ೪೬ ವರ್ಷಗಳಾಗಿದ್ದುವು.

ಇನ್ನು ಕನ್ನಡದ ವಿಷಯ. ಹಿಂದಿ ಚಿತ್ರಗಳಲ್ಲಿ ಬಹುಮಟ್ಟಿಗೆ ಮಟ್ಟು ಮೊದಲು, ಪದ ಅನಂತರ. ನಮ್ಮ ಭಾವಗೀತ ಗಾಯನದಲ್ಲಿ ಕ್ರಮ ಇದಕ್ಕೆ ವಿಪರೀತ: ಕವಿತೆ ಪುಸ್ತಕದಲ್ಲಿ ಮೊದಲೇ ಇರುತ್ತದೆ, ಪಿ. ಕಾಳಿಂಗರಾಯರಂಥವರು ಅದನ್ನು ಎತ್ತಿಕೊಂಡು ಹಾಡುತ್ತಾರೆ. ಆದುದರಿಂದ ಒಂದೇ ಕವಿತೆಗೆ ಎರಡು ಮೂರು ಮಟ್ಟುಗಳು ಹುಟ್ಟಿ, 'ಯಾವುದು ಉತ್ತಮ' ಎಂಬ ಜಗಳವು ಗೀತೆಗೀತೆಗಳ ನಡುವೆ ನಡೆಯುವಂತೆ ಒಂದೇ ಗೀತೆಯ ಒಳಗೂ ನಡೆಯುತ್ತದೆ. ೨೦೦೪ರಲ್ಲಿ ನಾಡಗೀತೆಯೆಂದು ಅಂಗೀಕೃತವಾದ ಕುವೆಂಪು ಅವರ ಕವಿತೆಯೇ ಇದಕ್ಕೆ ಪ್ರಸಿದ್ಧ ನಿದರ್ಶನ. ಮೈಸೂರು ಅನಂತಸ್ವಾಮಿಯವರ ಧಾಟಿಯೋ ಸಿ. ಅಶ್ವತ್ಥರ ಧಾಟಿಯೋ ಎಂಬ ವಾದ ವರ್ಷಗಟ್ಟಲೆ ನಡೆದು, ೨೦೨೨ರಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನು ಗೊತ್ತುಮಾಡಿ, ಆಲಾಪನೆಯಿಲ್ಲದೆ ೨ ನಿಮಿಷ ೩೦ ಸೆಕೆಂಡುಗಳಲ್ಲಿ ಹಾಡಬೇಕೆಂದು ವಿಧಿಸಿತು. ಶಾಲೆಯ ಅಂಗಳದಲ್ಲಿ ನಿಂತ ಮಕ್ಕಳು ಹಾಡಬಲ್ಲ ಧಾಟಿಯೂ, ವೇದಿಕೆಯಲ್ಲಿ ತುಂಬುಕಂಠದ ಗಾಯಕನೊಬ್ಬನು ಹಾಡಿ ಸಭೆಯನ್ನು ಎಬ್ಬಿಸುವ ಧಾಟಿಯೂ ಒಂದೇ ಆಗಿರಬೇಕಾಗಿಲ್ಲ. ನಿಮಿಷದ ಲೆಕ್ಕವು ಮೊದಲನೆಯ ಪ್ರಯೋಜನವನ್ನು ಕುರಿತದ್ದು.

ಎರಡನೆಯ ಪ್ರಸಂಗ 'ಕಾಡು ಕುದುರೆ' ಚಿತ್ರದ್ದು. ೧೯೭೮ರ ಸಾಲಿನ ರಾಷ್ಟ್ರಪ್ರಶಸ್ತಿಗಳಲ್ಲಿ ಅದರ ಗೀತೆಗಾಗಿ ಶಿವಮೊಗ್ಗ ಸುಬ್ಬಣ್ಣನವರು ಅತ್ಯುತ್ತಮ ಹಿನ್ನೆಲೆ ಗಾಯಕರೆಂದು ಪುರಸ್ಕೃತರಾದರು; ಕನ್ನಡಿಗರೊಬ್ಬರಿಗೆ ಈ ಪ್ರಶಸ್ತಿ ಬಂದುದು ಅದೇ ಮೊದಲು. ಆ ಗೀತೆಯ ಪದ ಚಂದ್ರಶೇಖರ ಕಂಬಾರರದು, ಮಟ್ಟು ಅವರದೇ, ಚಿತ್ರದ ನಿರ್ದೇಶನವೂ ಅವರದೇ. ಪ್ರಶಸ್ತಿಪತ್ರದಲ್ಲಿ ಇದ್ದುದು ಕಂಠಕ್ಕೆ ಸಂಬಂಧಿಸಿದ ಅಂಕಣ. ಅದು ಸುಬ್ಬಣ್ಣನವರಿಗೆ ನ್ಯಾಯವಾಗಿಯೇ ಸಂದಿತು. ಕಂಬಾರರ ಆ ಮಟ್ಟಿನ ಹಿಂದಿರುವ ಬೆಳಗಾವಿ ಸೀಮೆಯ ಜನಪದ ಧಾಟಿಯನ್ನು ಮೊದಲು ಹಾಡಿದವರು ಯಾರೆಂಬುದಕ್ಕೆ ಯಾವ ಪತ್ರದಲ್ಲಿಯೂ ಅಂಕಣವಿಲ್ಲ.