ಮೈಕ್ರೊಕಂಟ್ರೋಲರ್ ಸಿಮ್ಯುಲೇಟರ್: ಕಲಿಕೆಯ ಆರಂಭಿಕ ಹಂತಗಳು

ಬೆಂಗಳೂರಿನ ದಕ್ಷಿಣ ಭಾಗದ ಬೇಗೂರು, ‘ಬೆಂಗಳೂರು’ ಎಂಬ ಹೆಸರನ್ನು ದಾಖಲಿಸಿರುವ ಕ್ರಿ.ಶ. ಸುಮಾರು 890ರ ಶಾಸನದಿಂದಾಗಿ ಇತಿಹಾಸಾಸಕ್ತರಿಗೆ ಪರಿಚಿತವಾದ ಊರು. ಇದೇ ಹೋಬಳಿಯ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಕಿಯೋನಿಕ್ಸ್ ಸಂಸ್ಥೆಯು 1978ರಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಸ್ಥಾಪಿಸಿತು. ಈ ಹೊಸ ಪರಂಪರೆಯನ್ನು ಪ್ರವೇಶಿಸುವ ವಿದ್ಯಾರ್ಥಿಗೆ ಮೈಕ್ರೊಕಂಟ್ರೋಲರ್ ಸಿಮ್ಯುಲೇಟರ್ ಅಲ್ಪವೆಚ್ಚದ, ನಿರಪಾಯಕಾರಿಯಾದ ಸಾಧನ. ಆದರೆ ಅದು ಯಾವುದನ್ನು ತೋರಿಸುತ್ತದೆ, ಯಾವುದನ್ನು ತೋರಿಸಲಾರದು ಎಂಬ ಅರಿವು ಆರಂಭದಲ್ಲಿಯೇ ಅಗತ್ಯ.

ಇಂಟೆಲ್ ಸಂಸ್ಥೆಯು 1980ರಲ್ಲಿ ಹೊರತಂದ 8051 ಮೈಕ್ರೊಕಂಟ್ರೋಲರ್, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮದಲ್ಲಿ ದೀರ್ಘಕಾಲ ಸ್ಥಾನ ಪಡೆದಿತ್ತು. ಪ್ರೋಗ್ರಾಮಿಗೆ 4 ಕಿಲೋಬೈಟ್, ದತ್ತಾಂಶಕ್ಕೆ 128 ಬೈಟ್ ಸ್ಮೃತಿಯಿರುವ ಇದರ ರಚನೆ ಕಲಿಕೆಗೆ ಅನುಕೂಲಕರ. ಸಿಮ್ಯುಲೇಟರ್ ಈ ಚಿಪ್ಪಿನ ಒಂದೊಂದು ಆದೇಶವನ್ನೂ ಗಣಕದಲ್ಲಿಯೇ ಅನುಕರಿಸಿ, ರಿಜಿಸ್ಟರ್‌ಗಳ ಬೆಲೆಗಳನ್ನು ಪರದೆಯ ಮೇಲೆ ತೋರಿಸುತ್ತದೆ. ಮೊದಲು ರೀಸೆಟ್ ಸ್ಥಿತಿಯನ್ನು ಗಮನಿಸಬೇಕು: ಪ್ರೋಗ್ರಾಂ ಕೌಂಟರ್ 0, ಸ್ಟ್ಯಾಕ್ ಪಾಯಿಂಟರ್ 07, ನಾಲ್ಕೂ ಪೋರ್ಟ್‌ಗಳಲ್ಲಿ ಎಫ್‌ಎಫ್.

ಎರಡನೆಯ ಅಭ್ಯಾಸ ಕಾಲಗಣನೆ. 12 ಮೆಗಾಹರ್ಟ್ಸ್ ಸ್ಫಟಿಕದೊಡನೆ 8051ರ ಒಂದು ಯಂತ್ರಾವರ್ತಕ್ಕೆ 1 ಮೈಕ್ರೊಸೆಕೆಂಡ್ ಹಿಡಿಯುತ್ತದೆ. 16 ಬಿಟ್‌ಗಳ ಟೈಮರ್ 65,536 ಎಣಿಕೆಗೆ ಉಕ್ಕುವುದರಿಂದ, 50 ಮಿಲಿಸೆಕೆಂಡ್ ಪಡೆಯಲು ಅದರಲ್ಲಿ 15,536 ಅನ್ನು ತುಂಬಬೇಕು. ಇದನ್ನು 20 ಬಾರಿ ಪುನರಾವರ್ತಿಸಿದರೆ ಸರಿಸುಮಾರು 1 ಸೆಕೆಂಡ್ ಆಗುತ್ತದೆ. ಪ್ರತಿ ಸಲವೂ ಮರಳಿ ತುಂಬುವುದನ್ನು ಬಿಟ್ಟಲ್ಲಿ ಟೈಮರ್ ಸೊನ್ನೆಯಿಂದ ಎಣಿಸತೊಡಗಿ, ಒಟ್ಟು ಅವಧಿ ಸುಮಾರು 1.3 ಸೆಕೆಂಡಿಗೆ ಏರುತ್ತದೆ. ಬೋರ್ಡಿನ ಮೇಲೆ ಮಿನುಗುವ ದೀಪವನ್ನು ನೋಡಿ ಈ ದೋಷವನ್ನು ಗುರುತಿಸುವುದು ಕಷ್ಟ; ಸಿಮ್ಯುಲೇಟರಿನಲ್ಲಿ ಅದು ಅಂಕಿಗಳಲ್ಲಿಯೇ ಸ್ಪಷ್ಟವಾಗುತ್ತದೆ.

ಇದಕ್ಕೆ ಪ್ರತಿಯಾದ ಮಿತಿಯೂ ಉಂಟು. 8051ರ ಪೋರ್ಟ್ 0ಕ್ಕೆ ಒಳಗಿನ ಪುಲ್‌ಅಪ್ ರೋಧಕಗಳಿಲ್ಲ. ರಿಜಿಸ್ಟರ್‌ಗಳನ್ನಷ್ಟೇ ಅನುಕರಿಸುವ ಸಿಮ್ಯುಲೇಟರಿನಲ್ಲಿ ಆ ಪೋರ್ಟಿಗೆ 1 ಬರೆದರೆ 1 ಎಂದೇ ಕಾಣುತ್ತದೆ. ನಿಜವಾದ ಬೋರ್ಡಿನಲ್ಲಿ ಹೊರಗಿನಿಂದ ರೋಧಕ ಜೋಡಿಸದಿದ್ದರೆ ಆ ಪಿನ್ನಿನ ವೋಲ್ಟೇಜ್ ನಿಶ್ಚಿತವಾಗಿರುವುದಿಲ್ಲ. ತರ್ಕ ಶುದ್ಧವಾಗಿದ್ದರೂ ಉಪಕರಣ ಕೆಲಸ ಮಾಡದು.

ಆದ್ದರಿಂದ ಪ್ರೋಗ್ರಾಮಿನ ತರ್ಕವನ್ನೂ ಕಾಲಮಾನವನ್ನೂ ಸಿಮ್ಯುಲೇಟರಿನಲ್ಲಿ ಪರಿಶೀಲಿಸಿ, ದೊರೆತ ಅಂಕಿಗಳನ್ನು ಬರೆದಿಟ್ಟುಕೊಂಡು, ಬಳಿಕ ಬೋರ್ಡಿನ ಮೇಲೆ ಆಸಿಲೋಸ್ಕೋಪಿನಿಂದ ಅಳೆದು ಹೋಲಿಸುವುದು ಯುಕ್ತವಾದ ಕ್ರಮ. ಇವೆರಡರ ನಡುವೆ ಕಾಣುವ ವ್ಯತ್ಯಾಸದ ಕಾರಣವನ್ನು ಹುಡುಕುವಲ್ಲಿ ವಿದ್ಯಾರ್ಥಿಯು ಮಂಡಲದ ಸ್ವಭಾವವನ್ನು ಅರಿಯತೊಡಗುತ್ತಾನೆ.